ಕಣ್ಣು ಬಿಡದ ಹೋಮರ್ ಮರಿಯನ್ನು ಕೈಯಲ್ಲೇ ಸಾಕಿದ್ದು: ನನ್ನ ಅನುಭವ

ಕಣ್ಣು ಬಿಡದ ಮರಿ ಮನುಷ್ಯರ ಕೈಯಲ್ಲಿ ಉಳಿಯಲ್ಲ ಅಂತ ಬೆಂಗಳೂರಿನ ಪಾರಿವಾಳದವರೆಲ್ಲ ಹೇಳುತ್ತಾರೆ. ನನಗಿಂತ ಎಷ್ಟೋ ವರ್ಷ ಹೆಚ್ಚು ಹೋಮರ್ (ದೂರದಲ್ಲಿ ಬಿಟ್ಟರೂ ಗೂಡಿಗೆ ವಾಪಸ್ ಬರುವ ಪಾರಿವಾಳ) ಸಾಕಿದ ಹಿರಿಯರೂ ಅದನ್ನೇ ಹೇಳಿದರು. "ಬೇರೆ ಜೋಡಿ ಕೆಳಗೆ ಇಡಪ್ಪ, ಇಲ್ಲಾಂದ್ರೆ ಆಸೆ ಬಿಟ್ಬಿಡು" ಅಂದರು. ಆ ಮರಿಯನ್ನು ಈಗ ಗೌರಿಬಿದನೂರಿನಲ್ಲಿ ಬೆಳಿಗ್ಗೆ ಬಿಟ್ಟರೆ ತಿಂಡಿ ಹೊತ್ತಿಗೆ ನನ್ನ ತಾರಸಿ ಮೇಲಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇರೆ ಜೋಡಿ ಇದ್ದಿದ್ದರೆ ನಾನೂ ಅದರ ಕೆಳಗೇ ಇಡುತ್ತಿದ್ದೆ. ಆದರೆ ಉಳಿದ ಜೋಡಿಗಳ ಮರಿಗಳ ಕಾಲಿಗೆ ಆಗಲೇ ಗುರುತಿನ ರಿಂಗ್ ಬಿದ್ದು ವಾರವಾಗಿತ್ತು. ತಾಯಿ ತಂದೆ ತಮ್ಮ ಗಂಟಲ ಚೀಲದಲ್ಲಿ ಊರುವ ಹಾಲು ನಿಲ್ಲಿಸಿ ಕಾಳು ಕೊಡುತ್ತಿದ್ದವು. ನನ್ನ ಮರಿ ಹುಟ್ಟಿ ಮೂರು ದಿನ ಆಗಿತ್ತೋ ಇಲ್ಲವೋ. ಹೆಣ್ಣನ್ನು ಗಿಡುಗ ಹೊತ್ತುಕೊಂಡು ಹೋಯಿತು. ಗಂಡು ಗೂಡಿನ ಕಡೆ ತಿರುಗಿಯೂ ನೋಡಲಿಲ್ಲ.

ಇಂಥ ಮರಿಗಳು ಯಾಕೆ ಸಾಯುತ್ತವೆ ಅಂತ ಸುತ್ತಮುತ್ತಲ ಗೂಡುಗಳಲ್ಲಿ ನೋಡಿದ್ದೇನೆ. ಒಬ್ಬರು ಹಸುವಿನ ಹಾಲಿಗೆ ಬ್ರೆಡ್ ನೆನೆಸಿ ಕೊಡುತ್ತಾರೆ. ಹಸುವಿನ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಪಾರಿವಾಳದ ಹಾಲಿನಲ್ಲಿ ಇರುವುದೇ ಇಲ್ಲ, ಮರಿಗೆ ಅದು ಅರಗಲ್ಲ. ಗಂಟಲ ಚೀಲ ಉಬ್ಬಿ, ಹುಳಿ ವಾಸನೆ ಬಂದು, ಮರುದಿನ ಮುಗಿಯಿತು. ಇನ್ನೊಬ್ಬರು ಡ್ರಾಪರ್‌ನಲ್ಲಿ ಬಾಯಿಗೆ ಹನಿ ಹಾಕುತ್ತಾರೆ. ನಾಲಿಗೆಯ ಹಿಂದೆಯೇ ಉಸಿರಿನ ರಂಧ್ರ ಇದೆ. ಅಲ್ಲಿಗೆ ಇಳಿದರೆ ಮರಿ ಹೋಯಿತು ಅಂತಲೇ ಲೆಕ್ಕ. ಈ ಎರಡರಲ್ಲೇ ಹೆಚ್ಚಿನ ಮರಿಗಳು ಸತ್ತಿವೆ. ಮರಿ ಕೈಯಲ್ಲಿ ಉಳಿಯಲ್ಲ ಅನ್ನೋ ಮಾತು ಹುಟ್ಟಿದ್ದೇ ಇದರಿಂದ.

ಪಾರಿವಾಳದ ಮರಿ ಗುಬ್ಬಿ ಮರಿಯ ಹಾಗೆ ಬಾಯಿ ತೆರೆಯಲ್ಲ, ತಾಯಿಯ ಬಾಯೊಳಗೆ ಕೊಕ್ಕು ತೂರಿಸಿ ಕುಡಿಯುತ್ತದೆ. ನಾವೂ ಹಾಗೇ ಕುಡಿಸಬೇಕು. 10 ಎಂಎಲ್ ಸಿರಿಂಜಿನ ಮೂತಿಯನ್ನು ಪೂರ್ತಿ ಕತ್ತರಿಸಿದೆ. ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿದೆ. ಸಿರಿಂಜಿನ ಬಾಯಿಗೆ ಮೊದಲು ಬಲೂನಿನ ತುಂಡು ಕಟ್ಟಿ ನೋಡಿದೆ, ಬೇಗ ಹರಿಯಿತು. ಆ ಚೂರು ಮರಿಯ ಹೊಟ್ಟೆಗೆ ಹೋಗುವ ಭಯ ಬೇರೆ. ಆಮೇಲೆ ತನಗೆ ತಾನೇ ಅಂಟಿಕೊಳ್ಳುವ ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿದೆ. ಸುಮಾರು 120 ರೂಪಾಯಿ. ಕೊಕ್ಕು ಹೋಗುವಷ್ಟೇ ಸೀಳು ಬಿಡಬೇಕು. ಕೊಕ್ಕಿನ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಒಳಗೆ ಬಿಟ್ಟರೆ ಸಾಕು, ಮರಿ ತಾನೇ ತಲೆ ಕುಣಿಸುತ್ತಾ ಹೀರುತ್ತದೆ. ಆ ಬಿರುಸು ನೋಡಿದ ದಿನವೇ ಇದು ಬದುಕುತ್ತೆ ಅನ್ನಿಸಿತು.

ಒಳಗೆ ಹಾಕಿದ್ದು ಗಿಳಿ ಮರಿಗಳಿಗೆ ಸಿಗುವ ಹ್ಯಾಂಡ್ ಫೀಡಿಂಗ್ ಪುಡಿ. ಮೊದಲ ಡಬ್ಬಿ ಹಳೆಯ ಸರಕು, ಮುಗ್ಗಲು ವಾಸನೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ, 800 ರೂಪಾಯಿ ನೀರಿಗೆ ಹೋಯಿತು. ಕೊಳ್ಳುವಾಗ ತಾರೀಖು ನೋಡಿ. ಮೊದಲ ದಿನಗಳಲ್ಲಿ ನೀರು ಮಜ್ಜಿಗೆ ಹದ, ಕಣ್ಣು ಬಿಟ್ಟ ಮೇಲೆ ದೋಸೆ ಹಿಟ್ಟಿನ ಹದ. ಬಿಸಿ 39ರಿಂದ 40 ಡಿಗ್ರಿ. ತಣ್ಣಗಿದ್ದರೆ ಮರಿ ಮುಟ್ಟಲ್ಲ, 43 ದಾಟಿದರೆ ಚೀಲ ಒಳಗಿನಿಂದ ಸುಡುತ್ತದೆ. ಬೆರಳು ಅದ್ದಿ ನೋಡುವುದನ್ನು ನಂಬಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ. ಶುರುವಿಗೆ 2-3 ಎಂಎಲ್, ಎರಡೂವರೆ ಗಂಟೆಗೊಮ್ಮೆ. ಚೀಲ ಬರಿದಾಗುವ ಮುಂಚೆ ಮತ್ತೆ ಹಾಕಬಾರದು. ಮೊದಲ ಕೆಲವು ದಿನ ಪುಡಿಯ ಜೊತೆ ನಾನು ಇನ್ನೊಂದು ಪದಾರ್ಥ ಚಿಟಿಕೆಯಷ್ಟು ಬೆರೆಸಿದೆ. ಅದನ್ನು ಇನ್ನಷ್ಟು ಮರಿಗಳ ಮೇಲೆ ನೋಡುವ ತನಕ ಹೇಳುವುದಿಲ್ಲ.

ತಿನ್ನಿಸುವ ಮುಂಚೆ ಮೈ ಬೆಚ್ಚಗಿರಬೇಕು. ತಣ್ಣಗಿರುವ ಮರಿಗೆ ಏನು ಕೊಟ್ಟರೂ ಅರಗಲ್ಲ. ಥರ್ಮೋಕೋಲ್ ಪೆಟ್ಟಿಗೆಗೆ 40 ವ್ಯಾಟ್ ಬಲ್ಬ್ ಹಾಕಿದ್ದೆ. ಚರ್ಮ ಒಣಗಿತು, ಮಳೆ ಬಂದಾಗಲೆಲ್ಲ ಕರೆಂಟ್ ಹೋಯಿತು. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೇ ವಾಸಿ. ಕೆಳಗೆ ಒರಟು ಟವೆಲ್ಲನ್ನು ಬಟ್ಟಲಿನಂತೆ ಸುತ್ತಿಡಿ. ನ್ಯೂಸ್‌ಪೇಪರ್ ಮೇಲೆ ಕಾಲು ಜಾರಿ ಅಗಲವಾಗಿಬಿಡುತ್ತದೆ.

ತೂಕದ ವಿಷಯದಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. 350 ರೂಪಾಯಿಯ ಪುಟ್ಟ ಡಿಜಿಟಲ್ ತಕ್ಕಡಿ ತಂದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿದೆ. ಬಂದಾಗ 40 ಗ್ರಾಂ ಚಿಲ್ಲರೆ, ವಾರ ಕಳೆಯುವಷ್ಟರಲ್ಲಿ 120 ದಾಟಿತು. ತಾಯಿ ಸಾಕಿದ ಮರಿ ಇದಕ್ಕಿಂತ ಜಾಸ್ತಿ ತೂಗುತ್ತದೆ, ನಿಜ. ರಿಂಗ್ ಕೂಡ ಎರಡು ಮೂರು ದಿನ ತಡವಾಗಿ ಹಾಕಿದೆ. ಆದರೆ ಒಂದು ದಿನವೂ ತೂಕ ಇಳಿಯಲಿಲ್ಲ.

ಗರಿಯ ಮೊಳಕೆ ಒಡೆದ ಮೇಲೆ ಹಸಿ ಬಟಾಣಿ. ಫ್ರೋಜನ್ ಪ್ಯಾಕೆಟ್ಟಿನದನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ನಾಲಿಗೆ ದಾಟಿಸಿ ಒಂದೊಂದೇ ತಳ್ಳಬೇಕು. ಹತ್ತರಿಂದ ಶುರುಮಾಡಿ ಒಂದು ಹೊತ್ತಿಗೆ 35-40ರವರೆಗೆ ಹೋದೆ. 100 ರೂಪಾಯಿಯ ಪ್ಯಾಕೆಟ್ ನಾಲ್ಕೈದು ದಿನ ಬಂತು. ಖರ್ಚು ಉಳಿಸೋಣ ಅಂತ ನೆನೆಸಿದ ಹೆಸರುಕಾಳೂ ಕೊಟ್ಟು ನೋಡಿದೆ, ಚೀಲದಿಂದ ಇಳಿಯಲು ತೀರಾ ಹೊತ್ತು ಹಿಡಿಯಿತು. ಜೋಳ ಚೆನ್ನಾಗಿ ಇಳಿಯಿತು. ಆಮೇಲೆ ಸುಮ್ನೆ ನೋಡೋಣ ಅಂತ ಔಷಧಿ ಸೀಸೆಗೆ ಜೋಳ, ಸಜ್ಜೆ ತುಂಬಿ, ಬಾಯಿಗೆ ಅದೇ ಬ್ಯಾಂಡೇಜ್ ಕಟ್ಟಿ ಹಿಡಿದೆ. ಕೊಕ್ಕು ತೂರಿಸಿ ಗಬಗಬ ತಿಂದಿತು! ಕಾಳು ಹೆಕ್ಕುವುದನ್ನು ಬೇಗ ಕಲಿತದ್ದು ಇದರಿಂದಲೇ ಅಂತ ನನ್ನ ಲೆಕ್ಕ.

ಬಾಯಿಯೊಳಗೆ ಹಳದಿ ಗಿಣ್ಣಿನಂಥ ಗಡ್ಡೆ ಕಂಡರೆ ಮಾತ್ರ ಈ ಯಾವುದೂ ಸಾಲದು. ಅದು ಕ್ಯಾಂಕರ್ ಅನ್ನೋ ಕಾಯಿಲೆ, ನೇರ ಪಶುವೈದ್ಯರ ಹತ್ತಿರ ಹೋಗಿ.

ಐದು ವಾರ ತುಂಬುವ ಹೊತ್ತಿಗೆ ಬೇರೆ ಮರಿಗಳ ಜೊತೆ ಬಿಟ್ಟೆ. ಎರಡು ದಿನ ನನ್ನ ಹೆಗಲೇ ಬೇಕು ಅಂತ ಹಟ ಮಾಡಿ ಆಮೇಲೆ ಗುಂಪಿಗೆ ಸೇರಿತು. ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರಿನಿಂದ ಹಾರಿಬಿಟ್ಟ ಅಭ್ಯಾಸದ ಟಾಸ್‌ಗಳಲ್ಲಿ ಗುಂಪಿನ ಜೊತೆಗೇ ಬಂದಿದೆ. ಒಟ್ಟು ಖರ್ಚು 2,500ರ ಆಸುಪಾಸು. ಅಷ್ಟಕ್ಕೆ ಒಳ್ಳೆ ಮರಿಯೇ ಸಿಗುತ್ತಿತ್ತಲ್ವಾ ಅಂತ ಕೇಳಿದವರಿದ್ದಾರೆ. ಸಿಗುತ್ತಿತ್ತು, ಆದರೆ ಗಿಡುಗ ಹೊತ್ತೊಯ್ದ ಆ ಹೆಣ್ಣಿನ ತಳಿಯಲ್ಲಿ ನನ್ನ ಹತ್ತಿರ ಉಳಿದಿರುವುದು ಇದೊಂದೇ. ಮುಂದಿನ ಟಾಸ್ ಹಿಂದೂಪುರದಿಂದ.