ಟಿ ಮ್ಯಾಪ್‌ಗಳನ್ನು ಝಡ್‌ಗೆ ತಂದದ್ದು ಹೀಗೆ

ಬೇರೆ ಬೇರೆ ಅಧ್ಯಯನಗಳ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆಯ ಸ್ಕ್ಯಾನ್) ಮ್ಯಾಪ್‌ಗಳನ್ನು ಸೇರಿಸಿ ಮೆಟಾ ಅನಾಲಿಸಿಸ್, ಅಂದರೆ ಎಲ್ಲದರ ಒಟ್ಟು ವಿಶ್ಲೇಷಣೆ, ಮಾಡಬೇಕಿತ್ತು. ಟಿ, ಝಡ್ ಎರಡೂ ಮಿದುಳಿನ ಒಂದೊಂದು ಜಾಗದಲ್ಲಿ ಪರಿಣಾಮ ಎಷ್ಟು ಗಟ್ಟಿ ಎಂದು ಹೇಳುವ ಅಂಕಿಗಳು. ವಿಶ್ಲೇಷಣೆಗೆ ಎಸ್‌ಪಿಎಂ ಸಾಫ್ಟ್‌ವೇರ್ ಬಳಸಿದವರು ಟಿ ಮ್ಯಾಪ್ ಕೊಟ್ಟಿದ್ದರು, ಎಫ್‌ಎಸ್‌ಎಲ್ ಸಾಫ್ಟ್‌ವೇರ್ ಬಳಸಿದವರು ಝಡ್. ಸ್ಟೌಫರ್ ವಿಧಾನದಲ್ಲಿ ಝಡ್‌ಗಳನ್ನು ಕೂಡಿಸಿ, ಅಧ್ಯಯನಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ಹಾಗಾಗಿ ಎಲ್ಲವನ್ನೂ ಝಡ್‌ಗೆ ತರಲೇಬೇಕಾಯಿತು.

ಟಿ 3.58 ಅಂದರೆ ಎಷ್ಟು ಗಟ್ಟಿ? ಡಿಗ್ರೀಸ್ ಆಫ್ ಫ್ರೀಡಂ (ಡಿಎಫ್, ಅಂದರೆ ಲೆಕ್ಕದಲ್ಲಿ ಸ್ವತಂತ್ರವಾಗಿ ಉಳಿದ ಮಾಹಿತಿಯ ಪ್ರಮಾಣ) ಗೊತ್ತಿಲ್ಲದೆ ಸುಮ್ನೆ ಹೇಳಲು ಬರುವುದಿಲ್ಲ. 20 ಜನರ ಒನ್ ಸ್ಯಾಂಪಲ್ ಟೆಸ್ಟ್‌ನಲ್ಲಿ ಡಿಎಫ್ 19. ಆಗ ಅದು ಝಡ್ 3.09, ಅಂದರೆ ಒಂದು ಬದಿಯ ಪಿ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ಅಂಕಿ ಆಕಸ್ಮಿಕವಾಗಿ ಬರುವ ಸಂಭವ) 0.001. ಡಿಎಫ್ 100 ಇದ್ದರೆ ಅದೇ 3.58 ಸುಮಾರು 3.46 ಆಗುತ್ತದೆ. ಅದಕ್ಕೇ ಮೊದಲು ಡಿಎಫ್ ಹುಡುಕಿದೆ. ಎಸ್‌ಪಿಎಂ ಟಿ ಫೈಲಿನ ಹೆಡರ್‌ನಲ್ಲೇ, ವಿವರಣೆಯ ಜಾಗದಲ್ಲಿ, ಅದು ಬರೆದಿರುತ್ತದೆ. ಒಬ್ಬರದೇ ಸ್ಕ್ಯಾನ್‌ನ ಫಸ್ಟ್ ಲೆವೆಲ್ ಮ್ಯಾಪ್ ಆದರೆ, ಸ್ಕ್ಯಾನ್ ಸಂಖ್ಯೆಯಿಂದ ರಿಗ್ರೆಸರ್‌ಗಳನ್ನು (ಮಾಡೆಲ್‌ಗೆ ಹಾಕಿದ ಅಂಶಗಳನ್ನು) ಕಳೆದು ಡಿಎಫ್ ಊಹಿಸಬೇಡಿ. ಒಂದರ ಹಿಂದೊಂದು ಬರುವ ಸ್ಕ್ಯಾನ್‌ಗಳು ಪರಸ್ಪರ ಹೋಲುತ್ತವೆ, ನಿಜವಾದ ಡಿಎಫ್ ಅದಕ್ಕಿಂತ ಕಡಿಮೆ ಇರಬಹುದು.

ಲೆಕ್ಕ ಸರಳ: ಟಿಯಿಂದ ಪಿ, ಪಿಯಿಂದ ಝಡ್. ಆದರೆ ಪಿಯನ್ನು 1ರಿಂದ ಸಿಡಿಎಫ್ (ಆ ಬೆಲೆ ಅಥವಾ ಅದಕ್ಕಿಂತ ಕಡಿಮೆ ಬರುವ ಸಂಭವ) ಕಳೆದು ತೆಗೆಯಬಾರದು. ಕಂಪ್ಯೂಟರ್ ಸುಮಾರು 16 ಅಂಕಿಗಳವರೆಗೆ ಮಾತ್ರ ನಿಖರ, ಹಾಗಾಗಿ ಝಡ್ 8.3 ದಾಟುವಷ್ಟರಲ್ಲಿ ಸಿಡಿಎಫ್ ಸರಿಯಾಗಿ 1 ಆಗಿಬಿಡುತ್ತದೆ, ಪಿ ಸೊನ್ನೆ, ಝಡ್ ಅನಂತ. ಬೆರಳು ತಟ್ಟುವ ಟಾಸ್ಕ್‌ನಲ್ಲಿ ಮೋಟಾರ್ ಕಾರ್ಟೆಕ್ಸ್‌ನ ಅತಿ ಗಟ್ಟಿ ವೋಕ್ಸೆಲ್‌ಗಳೇ (ಸ್ಕ್ಯಾನ್‌ನ ಪುಟ್ಟ ಘನಗಳು), ಅಂದರೆ ನಮಗೆ ಬೇಕಾದವೇ, ಹೀಗೆ ಕೆಡುತ್ತವೆ! ನಾನು ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಬಾಲದ ಭಾಗವನ್ನು, ಅಂದರೆ ಪಿಯನ್ನೇ, ನೇರವಾಗಿ ಕೊಡುವ ಎಸ್‌ಎಫ್ ಬಳಸಿದೆ, ಆಮೇಲೆ ಪಿಯಿಂದ ಝಡ್ ಕೊಡುವ, ನಾರ್ಮಲ್ ಹಂಚಿಕೆಯ ಐಎಸ್‌ಎಫ್. ಟಿ ಋಣವಾಗಿದ್ದಾಗ ಎಸ್‌ಎಫ್ ಕೂಡ 1ಕ್ಕೆ ಅಂಟಿಕೊಳ್ಳುತ್ತದೆ ಅಲ್ವಾ, ಅದಕ್ಕೆ ಚಿಹ್ನೆ ತೆಗೆದು ಲೆಕ್ಕ ಮಾಡಿ ಕೊನೆಗೆ ಚಿಹ್ನೆ ಮರಳಿ ಹಾಕಿದೆ.

ಮಿದುಳಿನ ಹೊರಗೆ ಎಸ್‌ಪಿಎಂ ಇಡುವ ಎನ್‌ಎಎನ್‌ಗಳನ್ನು (ಬೆಲೆಯೇ ಇಲ್ಲ ಎಂಬ ಗುರುತು), ಮ್ಯಾಪ್‌ನ ವೋಕ್ಸೆಲ್ ಗಾತ್ರ ಬದಲಿಸುವ ಮುಂಚೆಯೇ ಮಾಸ್ಕ್ ಮಾಡಿ ಹೊರಗಿಟ್ಟೆ. ಇಲ್ಲದಿದ್ದರೆ ಅಂಚಿನ ವೋಕ್ಸೆಲ್‌ಗಳಿಗೂ ಅವು ಹರಡುತ್ತವೆ.

ಪ್ರತಿ ಮ್ಯಾಪ್‌ಗೂ ಟಿ ಮತ್ತು ಝಡ್‌ನ ಸ್ಕ್ಯಾಟರ್ ಪ್ಲಾಟ್ ಹಾಕಿ ನೋಡಿದೆ. ಡಿಎಫ್ ಒಂದೇ ಆದ್ದರಿಂದ ಬಿಂದುಗಳೆಲ್ಲ ಒಂದೇ ನಯವಾದ ಗೆರೆಯಲ್ಲಿ ಕೂರಬೇಕು, ದೊಡ್ಡ ಟಿಗಳಲ್ಲಿ ಗೆರೆ ಬಗ್ಗಬೇಕು.

ಕೆಲವು ಕಡೆ ಎಫ್ ಮ್ಯಾಪ್ ಮಾತ್ರ ಇತ್ತು. ಎಫ್ ಒಂದು ಭಾಗಾಕಾರ, ಅದಕ್ಕೆ ಮೇಲೊಂದು ಕೆಳಗೊಂದು ಎರಡು ಡಿಎಫ್. ಮೇಲಿನ (ನ್ಯೂಮರೇಟರ್) ಡಿಎಫ್ 1 ಇದ್ದರೆ ಎಫ್‌ನ ವರ್ಗಮೂಲವೇ ಟಿ, ಚಿಹ್ನೆಯನ್ನು ಮಾತ್ರ ಕಾಂಟ್ರಾಸ್ಟ್ ಫೈಲಿನಿಂದ (ಪರಿಣಾಮದ ಗಾತ್ರ, ದಿಕ್ಕು ಇರುವ ಫೈಲು) ತರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಎಫ್‌ಗೆ ದಿಕ್ಕೇ ಇಲ್ಲ, ಅಂಥವನ್ನು ಕೈಬಿಟ್ಟೆ.