ಮೈಯೆಲ್ಲ ನೋವು ಅಂತ ಬಂದವರಲ್ಲಿ 18 ಜಾಗ ಒತ್ತಿ ನೋಡುವ ಬಗೆ

ಮೈಯೆಲ್ಲ ನೋವು, ಸುಸ್ತು ತಿಂಗಳುಗಟ್ಟಲೆ ಕಾಡುವ ಫೈಬ್ರೊಮಯಾಲ್ಜಿಯ ಎಂಬ ಕಾಯಿಲೆ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಹೆಬ್ಬೆರಳಿನ ಪರೀಕ್ಷೆಗೆ ಬೆಲೆ ಬಂದದ್ದು ಅದಕ್ಕೇ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಎಂಬ ಕೀಲುರೋಗ ತಜ್ಞರ ಸಂಘ ಹಾಕಿಕೊಟ್ಟ ಲೆಕ್ಕ ಇದು: ದೇಹದ ಎಡಬಲ ಎರಡೂ ಕಡೆ, ಸೊಂಟದ ಮೇಲೂ ಕೆಳಗೂ, ಜೊತೆಗೆ ಕತ್ತು, ಬೆನ್ನು ಅಥವಾ ಎದೆಯಲ್ಲಿ ಕನಿಷ್ಠ 3 ತಿಂಗಳಿಂದ ನೋವಿರಬೇಕು, ಗೊತ್ತುಮಾಡಿದ 18 ಟೆಂಡರ್ ಪಾಯಿಂಟ್‌ಗಳಲ್ಲಿ 11 ಆದರೂ ಒತ್ತಿದಾಗ ನೋಯಬೇಕು. ಪಿಎಚ್‌ಸಿಗೆ ಹೊಸದಾಗಿ ಬಂದ ವೈದ್ಯರು, ಫಿಸಿಯೊಥೆರಪಿ ಕಲಿಯುವವರು ಇದನ್ನು ಕೈಯಲ್ಲೇ ರೂಢಿ ಮಾಡಿಕೊಳ್ಳಬೇಕು.

ಒತ್ತಡ ಸುಮಾರು 4 ಕೆ.ಜಿ. ಅಂದಾಜು ಸಿಗದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಹೆಬ್ಬೆರಳಿಟ್ಟು ಸೆಕೆಂಡಿಗೆ 1 ಕೆ.ಜಿ.ಯಂತೆ ಏರಿಸುತ್ತ ಹೋಗಿ. ನಾಲ್ಕನೆಯ ಸೆಕೆಂಡಿಗೆ 4 ತೋರಿಸಬೇಕು. ಆ ಹೊತ್ತಿಗೆ ನಿಮ್ಮ ಉಗುರಿನ ತುದಿ ಬಿಳಿಚಿರುತ್ತದೆ. ರೋಗಿಯ ಮೈಮೇಲೆ ಅದೇ ನಿಮಗೆ ಗುರುತು. ಉಗುರು ಕತ್ತರಿಸಿರಲಿ. ಬೆರಳಿನ ಮೆತ್ತನೆಯ ಭಾಗದಿಂದ ಒತ್ತಬೇಕು, ತಿವಿಯಬಾರದು. ದಿಢೀರನೆ ಒತ್ತಿದರೆ ಯಾರಿಗಾದರೂ ನೋಯುತ್ತದೆ, ಲೆಕ್ಕ ಸುಳ್ಳಾಗುತ್ತದೆ.

ಒಂಬತ್ತು ಜಾಗ, ಎಡಬಲ ಸೇರಿ ಹದಿನೆಂಟು. ರೋಗಿಯನ್ನು ಕೂರಿಸಿ ಹಿಂದಿನಿಂದ ಶುರುಮಾಡಿ: ತಲೆಬುರುಡೆಯ ಬುಡದಲ್ಲಿ ಕತ್ತಿನ ಸ್ನಾಯು ಅಂಟುವ ಕಡೆ, ಕತ್ತಿಗೂ ಭುಜದ ತುದಿಗೂ ನಟ್ಟನಡುವೆ, ಹೊರೆ ಕೂರುವ ಜಾಗ, ರೆಕ್ಕೆಮೂಳೆಯ ಅಡ್ಡ ಏಣಿಗಿಂತ ಮೇಲೆ, ಬೆನ್ನುಮೂಳೆಯ ಕಡೆಯ ಅಂಚಿಗೆ. ಮುಂದೆ ಬಂದು ಕತ್ತಿನ ಕೆಳಭಾಗದ ಪಕ್ಕ, 5ರಿಂದ 7ನೇ ಕತ್ತುಮೂಳೆಗಳ ಮಟ್ಟ. ಇಲ್ಲಿ ರಕ್ತನಾಳ ಹತ್ತಿರವಿದೆ, ಎರಡೂ ಕಡೆ ಒಟ್ಟಿಗೆ ಒತ್ತಲೇಬೇಡಿ. ಎದೆಮೂಳೆಯ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ಉಬ್ಬು ಸಿಗುತ್ತದೆ. ಎರಡನೇ ಪಕ್ಕೆಲುಬು ಸೇರುವುದು ಅಲ್ಲಿಗೇ, ಅದರ ಪಕ್ಕ ಒತ್ತಿ. ಮೊಣಕೈಯ ಹೊರಗಂಟಿನಿಂದ 2 ಸೆಂ.ಮೀ. ಕೆಳಗೆ ಇನ್ನೊಂದು. ಪಕ್ಕಕ್ಕೆ ಮಲಗಿಸಿ ಪೃಷ್ಠದ ಮೇಲಿನ ಹೊರಭಾಗ, ತೊಡೆಮೂಳೆಯ ಹೊರಗಂಟಿನ ಹಿಂದುಗಡೆ. ಕೊನೆಗೆ ಅಂಗಾತ ಮಲಗಿಸಿ ಮಂಡಿಯ ಒಳಬದಿ, ಕೀಲಿಗಿಂತ ತುಸು ಮೇಲಿನ ಕೊಬ್ಬಿನ ಮೆತ್ತೆ.

ಕೇಳುವ ಮಾತೂ ಮುಖ್ಯ. "ಒತ್ತಿದ್ದು ಗೊತ್ತಾಗ್ತದಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. "ನೋವಾಗ್ತದಾ, ಇಲ್ಲಾ ಬರೀ ಒತ್ತಿದಂಗಿದೆಯಾ?" ಎಂದು ಕೇಳಿ, ನೋವು ಅಂದರೆ ಮಾತ್ರ ಎಣಿಸಿ. ಮುಖ ಕಿವುಚಿಕೊಂಡೂ "ಪರ್ವಾಗಿಲ್ಲ ಸಾರ್" ಅನ್ನುವ ಅಜ್ಜಿಯರನ್ನು ಇನ್ನೊಂದು ಸಲ ನಿಧಾನವಾಗಿ ಕೇಳಬೇಕಾಗುತ್ತದೆ. ಒತ್ತಿದಾಗ ಕೈಗೆ ಗಂಟು ಸಿಕ್ಕಿ ನೋವು ಬೇರೆ ಕಡೆ ಹರಿದರೆ ಅದು ಟ್ರಿಗರ್ ಪಾಯಿಂಟ್, ಲೆಕ್ಕ ಬೇರೆ.

ಒಂಬತ್ತೇ ಸಿಕ್ಕಿತು, ಹಾಗಾಗಿ ಕಾಯಿಲೆ ಇಲ್ಲ ಎಂದು ಕಳಿಸಿಬಿಡುವುದು ದೊಡ್ಡ ತಪ್ಪು. 11ರ ಗೆರೆ ಎಳೆದದ್ದು ಸಂಶೋಧನೆಯಲ್ಲಿ ರೋಗಿಗಳನ್ನು ವಿಂಗಡಿಸಲು. ಗಂಡಸರಲ್ಲಿ ಎಣಿಕೆ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. 2010ರ ಮಾನದಂಡ ಈ ಎಣಿಕೆಯನ್ನೇ ಕೈಬಿಟ್ಟಿತು. 2016ರ ಪರಿಷ್ಕರಣೆಯಂತೆ ಕಳೆದ ಒಂದು ವಾರದಲ್ಲಿ ನೋವಿದ್ದ ಜಾಗಗಳಿಗೆ 19ರವರೆಗೆ ಅಂಕ. ಸುಸ್ತು, ಎದ್ದಾಗಲೂ ತೀರದ ನಿದ್ದೆ, ಮರೆವು ಮುಂತಾದವಕ್ಕೆ 12ರವರೆಗೆ. ಮೊದಲನೆಯದು 7, ಎರಡನೆಯದು 5 ಮುಟ್ಟಬೇಕು. ಇಲ್ಲವೇ ಮೊದಲನೆಯದು 4ರಿಂದ 6 ಇದ್ದು ಎರಡನೆಯದು 9 ಮುಟ್ಟಬೇಕು. ಮೈಯ ಐದು ವಲಯಗಳಲ್ಲಿ ನಾಲ್ಕರಲ್ಲಾದರೂ ನೋವಿರಬೇಕು, 3 ತಿಂಗಳ ನಿಯಮವೂ ಹಾಗೇ ಇದೆ.

ಇನ್ನು ನಮ್ಮ ಕಡೆಯ ವಿಷಯ. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ, ಕೋಲಾರದ ಸುತ್ತಮುತ್ತ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಹೆಚ್ಚು. ಅದು ಮೂಳೆಗಿಳಿದರೂ ಜನ ಹೇಳುವುದು ಇದನ್ನೇ: ಮೈಕೈ ನೋವು, ಬೆನ್ನು ಸೆಟೆತ. ಬೆರಳೂರುವ ಮೊದಲು ಮೂರು ಕೆಲಸ ಮಾಡಿಸಿ: ಮಂಡಿ ಮಡಿಸದೆ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂದೆ ಮುಟ್ಟಿಸುವುದು. ಆಗದಿದ್ದರೆ, ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ, ಮುಂಗೈ ಎಕ್ಸ್‌ರೇ ಬರೆದುಕೊಡಿ. ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದರಲ್ಲಿ ಕಾಣುತ್ತದೆ. ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ದಾಟಬಾರದು. ಕುಡಿಯಲು ಘಟಕದ ಕ್ಯಾನ್ ನೀರು ತಂದರೂ ಮುದ್ದೆಗೆ, ಸಾರಿಗೆ ಬೋರ್ ನೀರೇ ಬಳಸುತ್ತಾರಾ ಎಂದು ಬಿಡಿಸಿ ಕೇಳಿ.

ಥೈರಾಯ್ಡ್, ಮೈಯೊಳಗಿನ ಉರಿಯೂತ ತೋರಿಸುವ ಇಎಸ್ಆರ್, ಸಿಆರ್‌ಪಿ ಪರೀಕ್ಷೆ ಒಮ್ಮೆ ಆಗಲಿ. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆ, ಇತ್ತೀಚಿನ ಚಿಕುನ್‌ಗುನ್ಯ ಇವನ್ನೂ ವಿಚಾರಿಸಿ. ಇವುಗಳಲ್ಲೊಂದು ಸಿಕ್ಕಿತೆಂದು ಫೈಬ್ರೊಮಯಾಲ್ಜಿಯ ತಾನಾಗೇ ರದ್ದಾಗುವುದಿಲ್ಲ, ಎರಡೂ ಒಟ್ಟಿಗೆ ಇರಬಹುದು. ಕೀಲು ಊದಿದ್ದರೆ, ಜ್ವರವಿದ್ದರೆ, ತೂಕ ಇಳಿದಿದ್ದರೆ, ಕೈಕಾಲಲ್ಲಿ ನಿಜವಾದ ಬಲಹೀನತೆ ಇದ್ದರೆ ಪಾಯಿಂಟ್ ಎಣಿಸುತ್ತ ಕೂರದೆ ಜಿಲ್ಲಾಸ್ಪತ್ರೆಗೆ ಕಳಿಸಿ.