ಜಪಾನಿನಲ್ಲಿ ಯಾರೂ ತಪ್ಪು ತೋರಿಸುವುದಿಲ್ಲ

ಚಪ್ಪಲಿ ಹೊರಗೆ ಬಿಡುವುದು ನಮಗೇನು ಹೊಸದೇ? ಅಮ್ಮನನ್ನು ಕರೆದುಕೊಂಡು ನವೆಂಬರಿನಲ್ಲಿ ಜಪಾನಿಗೆ ಹೊರಟಾಗ ಈ ಒಂದು ವಿಷಯದಲ್ಲಿ ನನಗೆ ಪೂರ್ತಿ ಧೈರ್ಯವಿತ್ತು. ಕ್ಯೋಟೋದ ರ್‍ಯೋಕಾನ್‌ನಲ್ಲಿ, ಅಂದರೆ ಹಳೇ ರೀತಿಯ ತಂಗುಮನೆಯಲ್ಲಿ, ಮೊದಲ ದಿನವೇ ತಪ್ಪಿದೆವು. ಬಾಗಿಲಲ್ಲಿ ಶೂ ಬಿಚ್ಚಿ, ಅವರು ಕೊಟ್ಟ ಸ್ಲಿಪ್ಪರ್ ಮೆಟ್ಟಿಕೊಂಡು ಸೀದಾ ಕೋಣೆಯ ತತಾಮಿ ಚಾಪೆ ಮೇಲೆ ನಡೆದೆವು. ತತಾಮಿ ಮೇಲೆ ಬರಿಗಾಲು ಇಲ್ಲವೇ ಕಾಲುಚೀಲ, ಅಷ್ಟೇ. ಟಾಯ್ಲೆಟ್ಟಿಗೆ ಬೇರೆಯೇ ಸ್ಲಿಪ್ಪರ್ ಇರುತ್ತದೆ, ಅದು ಅಲ್ಲಿಂದ ಹೊರಗೆ ಬರಬಾರದು. ಮನೆಯೊಡತಿ ಒಂದು ಮಾತೂ ಆಡಲಿಲ್ಲ. ನಾವು ಚಹಾ ಕುಡಿಯುತ್ತಿದ್ದಾಗ ಬಂದು, ಬಗ್ಗಿ, ನಮ್ಮ ಎರಡೂ ಜೊತೆ ಸ್ಲಿಪ್ಪರ್ ಎತ್ತಿ ಹೊಸ್ತಿಲಾಚೆ ಮೂತಿ ಹೊರಗೆ ಮಾಡಿ ಜೋಡಿಸಿಟ್ಟರು.

ಅಲ್ಲಿಂದ ಮುಂದೆ ನಾನು ಅಕ್ಕಪಕ್ಕದವರ ಕೈಕಾಲು ನೋಡುವುದನ್ನು ರೂಢಿ ಮಾಡಿಕೊಂಡೆ. ಬಾಯಿ ಬಿಟ್ಟು ಹೇಳುವವರು ಇಲ್ಲ ಅಂದಮೇಲೆ ನೋಡಿಯೇ ಕಲಿಯಬೇಕು, ಅಲ್ವಾ? ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಎಸ್ಕಲೇಟರ್‌ನಲ್ಲಿ ಟೋಕಿಯೋದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಅಂಗಡಿಯಲ್ಲಿ ದುಡ್ಡನ್ನು ಕೈಗೆ ಕೊಡದೆ ಪುಟ್ಟ ತಟ್ಟೆಯಲ್ಲಿಡುತ್ತಾರೆ. ಟಿಪ್ಸ್ ಪದ್ಧತಿಯೇ ಇಲ್ಲ. ರಸ್ತೆಯಲ್ಲಿ ಕಸದಬುಟ್ಟಿ ಸಿಗುವುದು ಕಷ್ಟ, ಹಾಗಾಗಿ ಬ್ಯಾಗಿನಲ್ಲಿ ಒಂದು ಖಾಲಿ ಚೀಲ ಇರಲಿ.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಸಸ್ಯಾಹಾರಿಗಳು. ಬರೀ ತರಕಾರಿ ಕಾಣುವ ಸಾರಿನಲ್ಲೂ ಸಾಮಾನ್ಯವಾಗಿ ದಾಶಿ ಇರುತ್ತದೆ. ಅದು ಹೆಚ್ಚಾಗಿ ಒಣಮೀನಿನ ಚೂರು ಹಾಕಿ ತೆಗೆದ ರಸ. ‘ಮಾಂಸ ಬೇಡ’ ಅಂದರೆ ಸಾಲದು. ‘ಮೀನಿನ ದಾಶಿಯೂ ಬೇಡ’ ಎಂದು ಜಪಾನಿಯಲ್ಲಿ ಬರೆಸಿದ ಚೀಟಿ ನಮ್ಮನ್ನು ಕಾಪಾಡಿತು. ಅಮ್ಮ ನೆಮ್ಮದಿಯಾಗಿ ಉಂಡಿದ್ದು ಕೋಯಾಸಾನ್ ಬೆಟ್ಟದ ಬೌದ್ಧ ಮಠದಲ್ಲಿ. ಅಲ್ಲಿನ ಶೋಜಿನ್ ಅಡುಗೆಗೆ ಮೀನು, ಮಾಂಸ ಸೇರುವುದಿಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ.

ಒಸಾಕಾದಲ್ಲಿ ಒಂದು ಮಧ್ಯಾಹ್ನ ಅಮ್ಮ ಕುಂಬಳಕಾಯಿ ಹೋಳೊಂದನ್ನು ಕಷ್ಟಪಟ್ಟು ಊಟದ ಕಡ್ಡಿಯಲ್ಲಿ, ಅಂದರೆ ಚಾಪ್‌ಸ್ಟಿಕ್‌ನಲ್ಲಿ, ಹಿಡಿದು ‘ತಗೋ’ ಅಂದರು. ನಾನು ನನ್ನ ಕಡ್ಡಿ ಚಾಚಿ ಹಿಡಿದುಕೊಂಡೆ. ಪಕ್ಕದ ಮೇಜಿನ ಅಜ್ಜಿ ತಟ್ಟನೆ ಮುಖ ತಿರುಗಿಸಿದರು. ಯಾಕೆಂದು ಸಂಜೆ ಅಲ್ಲೇ ಕೆಲಸ ಮಾಡುವ ಗೆಳೆಯ ಹೇಳಿದ. ಶವ ಸುಟ್ಟ ಮೇಲೆ ಮನೆಯವರು ಮೂಳೆಗಳನ್ನು ಕಡ್ಡಿಯಲ್ಲಿ ಎತ್ತುತ್ತಾರೆ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ದಾಟಿಸಿ ಮಡಕೆಗೆ ಹಾಕುತ್ತಾರೆ. ಅನ್ನದಲ್ಲಿ ಕಡ್ಡಿ ನೆಟ್ಟಗೆ ಚುಚ್ಚುವುದೂ ಸತ್ತವರಿಗೆ ಎಡೆ ಇಡುವ ಕ್ರಮ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದರು. ಅಪ್ಪನ ಅಸ್ಥಿ ಆರಿಸಿದ್ದು ನೆನಪಾಗಿರಬೇಕು. ಮಾರನೇ ದಿನದಿಂದ ನನಗೆ ಏನು ಕೊಡುವುದಿದ್ದರೂ ತಟ್ಟೆಯಲ್ಲಿಡುತ್ತಿದ್ದರು.

ಜೋಪಾನದ ಮಾತು. ಜಪಾನಿನಲ್ಲಿ ಕಳ್ಳರ ಭಯ ಕಮ್ಮಿ, ಆದರೂ ರಾತ್ರಿ ಟೋಕಿಯೋದ ಕಬುಕಿಚೋದಂಥ ಕಡೆ ಬಾರಿಗೆ ಬನ್ನಿ ಎಂದು ಕರೆಯುವವರ ಹಿಂದೆ ಹೋಗಬೇಡಿ, ಬಿಲ್ಲು ಬಂದಾಗ ಕಣ್ಣು ಕತ್ತಲೆ ಬರುತ್ತದೆ. ಪಾಸ್‌ಪೋರ್ಟ್ ಸದಾ ಮೈಮೇಲಿರಬೇಕು, ಅದು ಅಲ್ಲಿನ ಕಾನೂನು. ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳಿಗೆ ಕಟ್ಟುನಿಟ್ಟು ಜಾಸ್ತಿ, ಲೇಬಲ್ ಓದಿ ಅಂಥವನ್ನು ಮನೆಯಲ್ಲೇ ಬಿಟ್ಟು ಹೊರಡಿ. ಪೊಲೀಸರಿಗೆ 110, ಆಂಬ್ಯುಲೆನ್ಸ್ ಮತ್ತು ಬೆಂಕಿಗೆ 119. ಭೂಕಂಪದ ಎಚ್ಚರಿಕೆ ಇಂಗ್ಲಿಷಿನಲ್ಲಿ ಕೊಡುವ ‘ಸೇಫ್ಟಿ ಟಿಪ್ಸ್’ ಆ್ಯಪ್ ಹೊರಡುವ ಮುಂಚೆಯೇ ಹಾಕಿಕೊಳ್ಳಿ.

ಭೂಮಿ ಅಲುಗಿದ್ದು ನಮಗೂ ಗೊತ್ತಾಯಿತು. ಟೋಕಿಯೋದ ಅಸಾಕುಸಾದಲ್ಲಿ ಪುಟ್ಟ ಚಹಾದಂಗಡಿಯಲ್ಲಿ ಕೂತಿದ್ದೆವು. ಮೊದಲು ಲೋಟದ ನೀರು ನಡುಗಿತು, ಆಮೇಲೆ ಮೇಲಿನ ದೀಪ ತೂಗಾಡಿತು. ನಾನು ಅಮ್ಮನ ಕೈ ಹಿಡಿದು ಹೊರಗೋಡಲು ಎದ್ದೆ. ಬೇರೆ ಯಾರೂ ಎದ್ದಿರಲಿಲ್ಲ. ಒಲೆ ಮುಂದಿದ್ದ ಅಂಗಡಿಯಾಕೆ ಕೈಯಳತೆಯಲ್ಲಿದ್ದ ಗ್ಯಾಸ್ ಆರಿಸಿದರು, ಎರಡು ಹೆಜ್ಜೆಯಲ್ಲಿ ಬಂದು ಜಾರುಬಾಗಿಲು ಪೂರ್ತಿ ಸರಿಸಿದರು, ನಮ್ಮ ಕಡೆ ತಿರುಗಿ ಅಂಗೈ ಕೆಳಗೆ ಮಾಡಿ ‘ಕೂತ್ಕೊಳ್ಳಿ’ ಎಂದು ಸನ್ನೆ ಮಾಡಿದರು. ಚೌಕಟ್ಟು ಸೊಟ್ಟಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಮೊದಲು ತೆರೆಯುವುದು. ಹೊರಗೆ ಓಡಿದರೆ ಗಾಜು, ಹೆಂಚು, ಬೋರ್ಡು ತಲೆ ಮೇಲೆ ಬೀಳಬಹುದು. ಅಲುಗಾಟ ಜೋರಾಗಿದ್ದರೆ ಮೇಜಿನ ಕೆಳಗೆ ನುಗ್ಗಿ ತಲೆ ಮುಚ್ಚಿಕೊಳ್ಳಬೇಕು, ಒಲೆ ಆಮೇಲೆ. ಸಮುದ್ರದ ಹತ್ತಿರವಿದ್ದರೆ ಅಲುಗಾಟ ನಿಂತ ಕೂಡಲೇ ಎತ್ತರದ ಜಾಗಕ್ಕೆ ನಡೆಯಬೇಕು, ಸುನಾಮಿ ಸೈರನ್ ಕಾಯಬಾರದು.

ಅರ್ಧ ನಿಮಿಷದಲ್ಲಿ ಎಲ್ಲ ನಿಂತಿತು. ಆಕೆ ಮತ್ತೆ ಒಲೆ ಹಚ್ಚಿ, ಅಮ್ಮನಿಗೆ ಬಿಸಿ ಚಹಾ ತಂದು ಎರಡೂ ಕೈಯಲ್ಲಿ ಕೊಟ್ಟರು. ಅಮ್ಮನೂ ಎರಡೂ ಕೈಯಲ್ಲಿ ತೆಗೆದುಕೊಂಡರು. ಹೊರಗಿನ ಚಳಿಗಾಳಿ ಒಳಗೆ ನುಗ್ಗುತ್ತಿದ್ದರೂ ನಾವು ಹೊರಡುವವರೆಗೂ ಆಕೆ ಬಾಗಿಲು ಮುಚ್ಚಲಿಲ್ಲ.